ಸ್ಫೂರ್ತಿ ತೋರಿಸಿದ ಜಿಂಕೆ

ಲೀಡ್ಸಿನಲ್ಲಿ ಬಿಸಿಲು ಬಿದ್ದರೆ ಮಂದಿ ಅಂಗಿ ಬಿಚ್ಚಿ ಪಾರ್ಕಿನ ಹುಲ್ಲಿನ ಮೇಲೆ ಮಲಗುತ್ತಾರೆ. ನಾನು ಕಪಾಟಿನಿಂದ ಕೌದಿ ಇಳಿಸಿ ಹಿತ್ತಲಿನ ಹಗ್ಗಕ್ಕೆ ಹಾಕುತ್ತೇನೆ. ಧಾರವಾಡದಿಂದ ಹೊರಡುವಾಗ ನಮ್ಮವ್ವ ಸೂಟ್‌ಕೇಸಿನ ತಳಕ್ಕೆ ತುರುಕಿ ಕಳಿಸಿದ ಕೌದಿ ಅದು. ಅವಳ ಹಳೆಯ ಇಳಕಲ್ ಸೀರೆ, ಅಪ್ಪನ ಧೋತರದ ತುಂಡು, ನಾನು ಸಾಲಿಗೆ ಉಟ್ಟುಕೊಂಡು ಹೋಗುತ್ತಿದ್ದ ನೀಲಿ ಲಂಗ, ಎಲ್ಲವೂ ಅದರಲ್ಲಿ ತುಂಡು ತುಂಡಾಗಿ ಕೂತಿವೆ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ "ಲವ್ಲಿ" ಎನ್ನುತ್ತಾಳೆ. ಈ ಊರಿನಲ್ಲಿ ಬಿಸಿಲಿಗೂ ಲವ್ಲಿ, ಕೌದಿಗೂ ಲವ್ಲಿ, ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕರೂ ಲವ್ಲಿ.

ಮೊನ್ನೆ ಒಣಗಿದ ಕೌದಿ ಮಡಚುವಾಗ ಒಂದು ಮೂಲೆಗೆ ಮೂಗು ತಾಗಿತು. ಪೈನ್ ಮರದ ವಾಸನೆ ಬಂದ ಹಾಗಾಯಿತು. ಎಷ್ಟೋ ಸಲ ಒಗೆದ ಬಟ್ಟೆ. ವಾಸನೆ ಉಳಿದಿರಲು ಸಾಧ್ಯವೇ ಇಲ್ಲ. ಆದರೆ ವಯಸ್ಸಾಗುತ್ತ ಬಂದ ಹಾಗೆ ಮೂಗು ಇಲ್ಲದ್ದನ್ನೂ ನೆನೆಸಿಕೊಳ್ಳಲು ಕಲಿಯುತ್ತದೆಯೋ ಏನೋ. ಅಲ್ಲೇ ಹಗ್ಗದ ಕೆಳಗೆ ನಿಂತುಬಿಟ್ಟೆ. ಒಳಗೆ ಅನ್ನದ ಕುಕ್ಕರು ಕೂಗಿದ್ದೂ ಕೇಳಿಸಲಿಲ್ಲ.

ಈ ಕೌದಿ ಒಮ್ಮೆ ಜಿಂಕೆ ಬೇಟೆಗೆ ಹೋಗಿ ಬಂದಿದೆ ಎಂದರೆ ನೀವು ನಗುತ್ತೀರಿ. ಕೌದಿಯ ಜೊತೆ ನಾನೂ ಹೋಗಿದ್ದೆ ಎಂದರೆ ನಂಬುವುದೇ ಇಲ್ಲ. ಹುಟ್ಟಿದ ಕೂಡಲೇ ಕೊರಳಿಗೆ ಲಿಂಗ ಕಟ್ಟುವ ಮನೆ ನನ್ನದು. ನಮ್ಮವರು, ಅಂದರೆ ನನ್ನ ಗಂಡ ಶ್ರೀಧರ, ಮೈಸೂರಿನವರು. ಅವರ ಮನೆಯಲ್ಲಿ ಈರುಳ್ಳಿ ತರುವುದಕ್ಕೂ ವಾರ ನೋಡುತ್ತಿದ್ದರು. ಇಂಥ ಇಬ್ಬರು ಎರಡು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಯಾರ್ಕ್‌ಷೈರಿನ ಕಾಡಿಗೆ ಬೇಟೆಗೆ ಹೊರಟದ್ದು ಒಂದು ಇಂಗ್ಲಿಷ್ ಶಬ್ದದ ದೆಸೆಯಿಂದ.

ಹೊಸ ಶತಮಾನ ಇನ್ನೂ ಹೊಸದಾಗಿಯೇ ಇದ್ದ ಕಾಲ. ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಜನರನ್ನು ಮಲಗಿಸುವುದು ನನ್ನ ಕೆಲಸ ಎಂದು ನಮ್ಮ ಬಳಗದವರು ಚೇಷ್ಟೆ ಮಾಡುತ್ತಾರೆ. ಮಲಗಿಸುವುದೇನೂ ದೊಡ್ಡದಲ್ಲ, ಎಬ್ಬಿಸುವುದು ದೊಡ್ಡದು. ನನ್ನ ಜೊತೆ ಆಪರೇಷನ್ ಥಿಯೇಟರಿನಲ್ಲಿದ್ದ ಸಿಸ್ಟರ್ ಜಾನೆಟ್ ಒಂದು ದಿನ ಕಾಫಿ ಕುಡಿಯುತ್ತ, "ಮುಂದಿನ ವೀಕೆಂಡ್ ನಮ್ಮ ಜೊತೆ ಬಾರೇ. ಮೂರ್ಸ್ ಕಡೆ, ಗುಡ್ಡದ ಬಯಲಲ್ಲಿ, ಒಂದು ಕಾಟೇಜ್ ಇದೆ. ಕಾಲಿನ್ ಡೀರ್ ಸ್ಟಾಕಿಂಗ್ ಮಾಡ್ತಾನೆ. ಮಕ್ಕಳು ಟೀವಿ ಬಿಟ್ಟು ಬೇರೆ ಏನಾದರೂ ನೋಡಲಿ" ಎಂದಳು. ಕಾಲಿನ್ ಅವಳ ಗಂಡ, ಬಸ್ ಡಿಪೋದಲ್ಲಿ ಫೋರ್‌ಮನ್. ನಾನು ಥಟ್ಟನೆ ಒಪ್ಪಿಕೊಂಡೆ. ಡ್ಯೂಟಿ ಹಂಚುವ ರೋಟಾದಲ್ಲಿ ಇಡೀ ಶನಿವಾರ ಭಾನುವಾರ ಖಾಲಿ ಸಿಗುವುದು ನನ್ನ ಪಾಲಿಗೆ ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಎಂಬ ಮಾತು.

ಮನೆಗೆ ಬಂದು ಹೇಳಿದರೆ ನಮ್ಮವರು ನಿಘಂಟು ತೆಗೆದರು.

"ಸ್ಟಾಕ್ ಅಂದ್ರೆ ಸದ್ದು ಮಾಡದೆ ಹಿಂದಿಂದೆ ಹೋಗೋದು ಕಣೇ. ಇಲ್ಲೇ ಇದೆ ನೋಡು. ಇಲ್ಲಿಯವರು ಹಕ್ಕಿ ನೋಡೋಕೆ ಹೋಗ್ತಾರಲ್ಲ, ಹಾಗೇ ಜಿಂಕೆ ನೋಡೋಕೆ ಹೋಗ್ತಾರೆ."

ಅರ್ಥದ ಮೊದಲ ಸಾಲು ಓದಿ ಪುಸ್ತಕ ಮುಚ್ಚುವುದು ಅವರ ಹಳೆಯ ರೂಢಿ. ಅವರನ್ನು ನಂಬುವುದು ನನ್ನ ರೂಢಿ. ಮರುದಿನವೇ ಒಂದು ದುರ್ಬೀನು ಕೊಂಡು ತಂದರು. ಮಗಳು ಸ್ಫೂರ್ತಿಗೆ ಆಗ ಏಳು ವರ್ಷ, ಮಗ ತೇಜುವಿಗೆ ನಾಲ್ಕು. ಇಬ್ಬರೂ ಆ ದುರ್ಬೀನನ್ನು ತಿರುವುಮುರುವು ಹಿಡಿದು, ಅಡುಗೆಮನೆಯಲ್ಲಿ ನಿಂತ ನನ್ನನ್ನು ಇರುವೆಯಷ್ಟು ಮಾಡಿ ನಗುತ್ತಿದ್ದರು.

ಶುಕ್ರವಾರ ಸಂಜೆ ಹೊರಟೆವು. ನವೆಂಬರ್ ತಿಂಗಳು. ಲೆಸ್ಟರಿನಿಂದ ತರಿಸಿಟ್ಟ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು ಕಟ್ಟಿಕೊಂಡಿದ್ದೆ. ಶೇಂಗಾ ಚಟ್ನಿಪುಡಿ, ಮೊಸರು, ನಮ್ಮವರಿಗೆ ಪುಳಿಯೋಗರೆ, ಮಕ್ಕಳಿಗೆ ಹೊದಿಸಲು ಅವ್ವನ ಕೌದಿ. ಇಂಟರ್‌ನೆಟ್ಟಿನಿಂದ ದಾರಿ ಪ್ರಿಂಟ್ ಮಾಡಿಕೊಂಡಿದ್ದರೂ ಎರಡು ಸಲ ತಪ್ಪಿ, ಒಂದು ಸಲ ಯಾರದೋ ಹೊಲದ ಗೇಟಿನ ಮುಂದೆ ಕಾರು ನಿಲ್ಲಿಸಿ, ಕುರಿಗಳ ಮುಖ ನೋಡಿ ಹಿಂದೆ ಬಂದೆವು. ಕಾಟೇಜಿನೊಳಗೆ ಕಟ್ಟಿಗೆ ಹೊಗೆಯ ವಾಸನೆ, ಒದ್ದೆ ನಾಯಿಯ ವಾಸನೆ. ಜಾನೆಟ್ ಮಕ್ಕಳ ಕೈಗೆ ಬಿಸಿ ಚಾಕೊಲೇಟ್ ಕೊಟ್ಟಳು. ಗೋಡೆಯ ಬದಿಗೆ ಒಂದು ಉದ್ದನೆಯ ಚೀಲ ಒರಗಿತ್ತು. ಮಾತಿಗೆ ಏನಾದರೂ ಬೇಕಲ್ಲ ಎಂದು ನಮ್ಮವರು ಅದನ್ನು ನೋಡಿ, "ಟ್ರೈಪಾಡ್ ಚೆನ್ನಾಗಿದೆ" ಎಂದರು.

ಕಾಲಿನ್ ಅವರ ಮುಖ ನೋಡಿದ. ಆಮೇಲೆ ಚೀಲದ ಜಿಪ್ ಎಳೆದ. ಒಳಗೆ ರೈಫಲ್ ಇತ್ತು.

ಜಾನೆಟ್ ಕೆಂಪಾಗಿ, "ಅಯ್ಯೋ ಲವ್, ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ" ಎಂದಳು. ಇಲ್ಲಿಯವರು ಯಾರನ್ನಾದರೂ ಲವ್ ಎಂದೇ ಮಾತಾಡಿಸುತ್ತಾರೆ. ತೇಜು ಮಾತ್ರ "ಕೌಬಾಯ್!" ಎಂದು ಚಪ್ಪಾಳೆ ಹೊಡೆದ. ಸ್ಫೂರ್ತಿ ಕಪ್ಪು ಕೆಳಗಿಟ್ಟು ಕಾಲಿನ್‌ನ ಮುಂದೆ ಹೋಗಿ ನಿಂತಳು.

"ನೀನು ಜಿಂಕೆಯನ್ನು ಸಾಯಿಸುತ್ತೀಯಾ?"

"ಹೌದು" ಎಂದ ಅವನು. ಮಕ್ಕಳಿಗೆ ಬೇರೆ ದನಿ, ದೊಡ್ಡವರಿಗೆ ಬೇರೆ ದನಿ ಇಟ್ಟುಕೊಂಡವನಲ್ಲ. "ಸರಿಯಾಗಿ ನಿಂತರೆ ಮಾತ್ರ. ಹೆಚ್ಚಾಗಿವೆ, ನೆಟ್ಟ ಸಸಿಗಳನ್ನೆಲ್ಲ ತಿಂದುಹಾಕ್ತವೆ. ಕಾಡು ನೋಡಿಕೊಳ್ಳುವವರು ನನ್ನನ್ನು ಕರೀತಾರೆ. ನಾವು ಅದರ ಮಾಂಸ ತಿಂತೀವಿ."

"ನಾನೂ ಬರುತ್ತೇನೆ."

"ಬೇಡ ಪುಟ್ಟಿ" ಎಂದರು ನಮ್ಮವರು.

"ಡ್ಯಾಡಿ, ಜಿಂಕೆ ನೋಡೋಕೆ ಹೋಗೋಣ ಅಂತ ನೀನೇ ಹೇಳಿದ್ದು. ಜಿಂಕೆ ಇರೋ ಕಡೆಗೆ ಅವನು ಹೋಗ್ತಿದ್ದಾನೆ." ಇದಿಷ್ಟನ್ನೂ ಅವಳು ಇಂಗ್ಲಿಷಿನಲ್ಲೇ ಹೇಳಿದಳು. ನಮ್ಮ ಮಕ್ಕಳಿಗೆ ನಾವು ಕನ್ನಡದಲ್ಲಿ ಬೈಯುತ್ತೇವೆ, ಅವರು ನಮ್ಮನ್ನು ಇಂಗ್ಲಿಷಿನಲ್ಲಿ ಸೋಲಿಸುತ್ತಾರೆ.

ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಇಬ್ಬರೂ ಪಿಸುಗುಟ್ಟಿದೆವು. ಆ ಇಡೀ ಕಣಿವೆಯಲ್ಲಿ ಕನ್ನಡ ಬಲ್ಲ ಇನ್ನೊಂದು ನರಪಿಳ್ಳೆ ಇರಲಿಲ್ಲ, ಆದರೂ ಪಿಸುಗುಟ್ಟಿದೆವು.

"ಏನ್ರೀ ಮಾಡೂಣು ಈಗ?"

"ಬೆಳಿಗ್ಗೆ ಹೊಟ್ಟೆನೋವು ಅಂತ ಹೇಳಿ ಹೊರಟುಬಿಡೋಣ."

"ಯಾರಿಗೆ ಹೊಟ್ಟಿನೋವು?"

"ನಿಂಗೆ."

"ನಾ ಡಾಕ್ಟರು, ಆಕಿ ನರ್ಸು. ಆಕಿ ನಂಬತಾಳೇನ್ರೀ?"

"ಹಾಗಾದ್ರೆ ನಂಗೆ" ಎಂದು ಅವರು ಮಗ್ಗುಲಾದರು.

ಬೆಳಿಗ್ಗೆ ಕತ್ತಲು ಇನ್ನೂ ನೀಲಿಗೆ ತಿರುಗುತ್ತಿದ್ದಾಗ ಎದ್ದು ಕೆಳಗೆ ಬಂದರೆ ಸ್ಫೂರ್ತಿ ಆಗಲೇ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅದನ್ನು ಬಿಚ್ಚಿ ಸರಿಯಾಗಿ ತೊಡಿಸುವಾಗಲೇ ನನಗೆ ಗೊತ್ತಾಯಿತು, ನಾನೂ ಹೋಗುತ್ತಿದ್ದೇನೆ ಎಂದು. ಬೇಡ ಎನ್ನಲು ಬಾಯಿ ಬರಲಿಲ್ಲ, ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ.

ಕಾಲಿನ್ ಅವಳ ಜಾಕೆಟ್ಟನ್ನು ಬೆರಳಿನಿಂದ ಕೆರೆದ. ನೈಲಾನ್ ಸರಸರ ಎಂದಿತು. "ಇದು ಆಗಲ್ಲ ಸ್ಪಾರ್ಕಿ. ಇದರ ಸದ್ದು ಅವಕ್ಕೆ ಸ್ಕಾಟ್ಲೆಂಡಿನಲ್ಲೂ ಕೇಳಿಸುತ್ತೆ." ಸ್ಫೂರ್ತಿ ಎಂಬ ಹೆಸರು ಅವನ ಬಾಯಲ್ಲಿ ಮೊದಲ ದಿನವೇ ಸ್ಪಾರ್ಕಿ ಆಗಿತ್ತು. ನಾನು ಮೇಲೆ ಹೋಗಿ ಹಾಸಿಗೆಯ ಮೇಲಿದ್ದ ಕೌದಿ ತಂದು, ಎರಡು ಸ್ವೆಟರಿನ ಮೇಲೆ ಅವಳಿಗೆ ಸುತ್ತಿದೆ. ಕೌದಿ ಸದ್ದು ಮಾಡುವುದಿಲ್ಲ. ಕಾಲಿನ್ ಸುತ್ತ ಬಂದು ನೋಡಿ, ಇಳಕಲ್ಲಿನ ಕೆಂಪು ಸೆರಗಿನ ತುಂಡು ಒಳಮಗ್ಗುಲಿಗೆ ಬರುವ ಹಾಗೆ ಮಡಚಿ, ಇದು ಆಗುತ್ತೆ ಎಂಬಂತೆ ತಲೆಯಾಡಿಸಿದ.

ಆ ನಡಿಗೆ ಈಗ ನನಗೆ ಕನಸಿನಲ್ಲಿ ನಡೆದಂತೆಯೇ ನೆನಪಿದೆ. ನೆಲದ ತುಂಬ ಹಿಬ್ಬನಿ. ಪೈನ್ ಮರಗಳ ನಡುವೆ ಮಂಜು ನಿಂತಿರಲಿಲ್ಲ, ಮಲಗಿತ್ತು. ನಮ್ಮ ಉಸಿರು ನಮಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ನನ್ನ ಕೈಯೊಳಗಿನ ಪುಟ್ಟ ಕೈ ಬೆಚ್ಚಗಿತ್ತು. ಕಾಡಿನ ನಡುವೆ ಒಂದು ಬಯಲು, ಅದರ ಅಂಚಿನಲ್ಲಿ ಮರಕ್ಕೆ ಆನಿಸಿದ ಏಣಿ, ಏಣಿಯ ತುದಿಗೆ ಹಲಗೆಯ ಅಟ್ಟಣಿಗೆ. ಕಾಲಿನ್ ಮೊದಲು ಹತ್ತಿದ, ನಾನು ಆಮೇಲೆ. ನನ್ನ ತೊಡೆಯ ಮೇಲೆ ಕೌದಿಯ ಗಂಟಿನ ಹಾಗೆ ಸ್ಫೂರ್ತಿ, ಅವಳ ತಲೆ ನನ್ನ ಎದೆಗೆ.

"ನನ್ನ ಕಣ್ಣು ಮೊದಲಿನಂತಿಲ್ಲ ಸ್ಪಾರ್ಕಿ" ಎಂದು ಕಾಲಿನ್ ಪಿಸುಗುಟ್ಟಿದ. ಅವನ ಪಿಸುಮಾತು ನಮ್ಮ ಊರಿನ ಸಂತೆಯಲ್ಲೂ ಕೇಳಿಸುತ್ತಿತ್ತು. "ಇವತ್ತು ನೀನೇ ನನ್ನ ಕಣ್ಣು. ಏನಾದರೂ ಅಲುಗಿದರೆ ಮಾತಾಡಬಾರದು. ನನ್ನ ಮೊಣಕಾಲು ತಟ್ಟು. ಕೆಮ್ಮಬಾರದು, ಸೀನಬಾರದು, ಕದಲಬಾರದು."

ಇಷ್ಟು ಕಟ್ಟಪ್ಪಣೆ ಮಾಡಿದ ಮನುಷ್ಯ ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದ. ಗೊರಕೆ ನನಗೆ ವೃತ್ತಿಯ ವಿಷಯ. ಗದ್ದ ಎತ್ತಿ ಹಿಡಿದರೆ ನಿಲ್ಲುತ್ತದೆ ಎಂದು ಕೈ ತುರಿಸಿತು. ಸ್ಫೂರ್ತಿ ಕೌದಿಯೊಳಗೆ ನಗು ತಡೆಯಲಾರದೆ ನಡುಗುತ್ತಿದ್ದಳು. ಆಮೇಲೆ ಅವಳೂ ಸುಮ್ಮನಾದಳು. ಗೊರಕೆಯೂ ಇಳಿಯಿತು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಹಾಗೆ ಬರುತ್ತಿತ್ತು. ಒಂದು ಮರ ಇತ್ತು, ನೋಡುನೋಡುತ್ತ ಎರಡಾದವು, ಆಮೇಲೆ ಸಾಲಾಯಿತು.

ನಮ್ಮ ಮುತ್ಯಾನ ಹೊಲದಲ್ಲಿ ಇಂಥದೇ ಅಟ್ಟಣಿಗೆ ಇತ್ತು. ನವಲಗುಂದದ ಆಚೆ, ಎರೆಮಣ್ಣಿನ ಹೊಲ. ಜೋಳ ಹಾಲುಗಾಳು ಹಿಡಿದಾಗ ನಮ್ಮನ್ನು, ಅಂದರೆ ರಜೆಗೆ ಬಂದ ಮೊಮ್ಮಕ್ಕಳನ್ನು, ಅದರ ಮೇಲೆ ಹತ್ತಿಸಿ ಕೂರಿಸುತ್ತಿದ್ದ. ಹಕ್ಕಿ ಹೊಡೆಯುವುದು ನಮ್ಮ ಕೆಲಸ. ಡಬ್ಬಿ ಬಡಿದು ಬಡಿದು ನಾವೇ ಕಿವುಡಾಗುತ್ತಿದ್ದೆವು, ಗಿಳಿಗಳು ಮಾತ್ರ ಹಾಯಾಗಿ ತೆನೆ ಮುರಿಯುತ್ತಿದ್ದವು. ಒಮ್ಮೊಮ್ಮೆ ಚಿಗರಿಗಳು ಬರುತ್ತಿದ್ದವು. ಜಿಂಕೆಗೆ ನಮ್ಮ ಕಡೆ ಚಿಗರಿ ಎನ್ನುತ್ತೇವೆ. ಮುತ್ಯಾ ಮಣ್ಣಿನ ಹೆಂಟೆ ಎತ್ತಿ "ಹಾ!" ಎಂದು ಒಗೆಯುತ್ತಿದ್ದ, ಹೆಂಟೆ ಯಾವಾಗಲೂ ಚಿಗರಿಗಿಂತ ಬಹಳ ಹಿಂದೆ ಬೀಳುತ್ತಿತ್ತು. ಅವು ನೆಗೆದರೆ ಕಾಲಿಗೆ ನೆಲ ತಾಕುತ್ತಲೇ ಇರಲಿಲ್ಲ. "ಮುತ್ಯಾ, ನಿನಗ ಗುರಿ ಬರೂದುಲ್ಲ" ಎಂದು ನಾವು ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಹೀಗೆ ಅರ್ಧ ನವಲಗುಂದದಲ್ಲಿ, ಅರ್ಧ ಯಾರ್ಕ್‌ಷೈರಿನಲ್ಲಿ ಕೂತಿದ್ದಾಗ ಬಯಲಿನ ಆಚೆ ಮಂಜು ಒಂದು ಕಡೆ ಗಟ್ಟಿಯಾಯಿತು. ಗಟ್ಟಿಯಾದದ್ದು ಒಂದು ಹೆಜ್ಜೆ ಇಟ್ಟಿತು. ಜಿಂಕೆ.

ಸಣ್ಣದು. ಚಳಿಗಾಲದ ಬೂದು ಕೂದಲು, ಕಪ್ಪು ಮೂಗು, ಅಷ್ಟಗಲ ಕಿವಿ. ತಲೆ ತಗ್ಗಿಸಿ ಒಂದು ಕಚ್ಚು ಹುಲ್ಲು, ತಲೆ ಎತ್ತಿ ಒಂದು ಗಳಿಗೆ ನಿಲ್ಲುವುದು. ಅದರ ಮೂಗಿನಿಂದ ಉಸಿರು ಬಿಳಿಯಾಗಿ ಬಂದು ಕರಗುತ್ತಿತ್ತು. ರೂಢಿಯ ಬಲ ನೋಡಿ, ನಾನು ಆ ಉಸಿರನ್ನು ಎಣಿಸತೊಡಗಿದ್ದೆ. ನಿಧಾನ, ಒಂದೇ ಸಮ, ಏನೂ ಭಯವಿಲ್ಲದ ಉಸಿರು. ಕಾಲಿನ್ ಮಲಗಿದ್ದ. ಮಗಳೂ ಮಲಗಿರಬೇಕು. ನಾನೊಬ್ಬಳೇ ನೋಡಿದ್ದೇನೆ, ಇದು ಮೇಯ್ದುಕೊಂಡು ಹೋಗಲಿ, ನಾವು ಬಿಸಿ ಚಹಾ ಕುಡಿದು ಲೀಡ್ಸಿಗೆ ಹೋಗೋಣ ಎಂದುಕೊಂಡೆ.

ಆಗ ಕೌದಿ ಮೆಲ್ಲಗೆ ಕದಲಿತು. ಸ್ಫೂರ್ತಿ ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಬಯಲಿನತ್ತ ನೋಡಿದಳು. ಅವಳ ಕಣ್ಣು ಅಗಲವಾದವು. ನಾನು ತುಟಿಯ ಮೇಲೆ ಬೆರಳಿಟ್ಟೆ.

ಬಿಟ್ಟುಬಿಡು ಎಂದು ನನ್ನ ಅರ್ಥ. ಮಾತಾಡಬೇಡ ಎಂದು ಅವಳು ತಿಳಿದಳು. ಸರಿ ಎಂದು ತಲೆಯಾಡಿಸಿ, ಕೌದಿಯಿಂದ ಕೈ ಹೊರಗೆ ತೆಗೆದು, ಸದ್ದೇ ಇಲ್ಲದೆ ಕಾಲಿನ್‌ನ ಮೊಣಕಾಲು ತಟ್ಟಿದಳು.

ಅವನು ಕಣ್ಣು ತೆರೆದ ರೀತಿ ನೋಡಬೇಕಿತ್ತು. ಈವರೆಗೆ ಗೊರಕೆ ಹೊಡೆದವನೇ ಬೇರೆ, ಈಗ ಎದ್ದವನೇ ಬೇರೆ. ರೈಫಲ್ ಎತ್ತಿದ, ಗುಂಡು ಹಾರಿಸಲಿಲ್ಲ. ಹಿಂದೆ ಮರಿ ಬರುತ್ತದೆಯೇ ಎಂದು ಕಾದ. ಬಹಳ ಹೊತ್ತು ಕಾದ. ಮರಿ ಬರಲಿ ದೇವರೇ ಎಂದು ನಾನು ಕೇಳಿಕೊಂಡೆ. ಬರಲಿಲ್ಲ, ಇನ್ನೂ ಮರಿ ಹಾಕದ ಪ್ರಾಯದ ಹೆಣ್ಣು ಅದು. ಅವನು ಕಣ್ಣಿನಲ್ಲೇ ಸನ್ನೆ ಮಾಡಿದ. ಸ್ಫೂರ್ತಿಯ ಕಿವಿಗೆಂದು ತಂದಿದ್ದ ದೊಡ್ಡ ಮುಚ್ಚಳಗಳನ್ನು ಅವಳ ತಲೆಗೆ ಏರಿಸಿದೆ. ಅವಳ ಕಣ್ಣನ್ನೂ ಮುಚ್ಚಲು ಹೋದೆ. ಅವಳು ನನ್ನ ಕೈ ಸರಿಸಿದಳು.

ಸದ್ದಾಯಿತು. ಕಾಗೆಗಳು ಎದ್ದವು. ಜಿಂಕೆ ಓಡಲಿಲ್ಲ, ಕೂಗಲಿಲ್ಲ, ನಿಂತಲ್ಲೇ ಮಡಚಿಕೊಂಡಿತು. ಬಯಲು ಮತ್ತೆ ಮೊದಲಿನ ಹಾಗೇ ಆಯಿತು. ಅದರ ಕೊನೆಯ ಉಸಿರು ಇನ್ನೂ ಗಾಳಿಯಲ್ಲಿ ಬಿಳಿಯಾಗಿ ಇದ್ದಂತೆ ನನಗೆ ಕಂಡಿತು. ಅದು ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಹೇಳಲಾರೆ.

ಸ್ಫೂರ್ತಿ ಕಿವಿಯ ಮುಚ್ಚಳ ತೆಗೆದಳು. "ಅದು ನಾನು ಮಾಡಿದ್ದಾ?"

"ಅಲ್ಲ ಲವ್. ಮಾಡಿದ್ದು ನಾನು" ಎಂದ ಕಾಲಿನ್. "ನೀನು ನೋಡಿದೆ ಅಷ್ಟೆ."

ಅವಳು ಆ ಉತ್ತರವನ್ನು ತೆಗೆದುಕೊಳ್ಳಲಿಲ್ಲ ಎಂದು ಅವಳ ಹುಬ್ಬು ನೋಡಿದರೆ ತಿಳಿಯುತ್ತಿತ್ತು.

ಇಳಿದು ಹತ್ತಿರ ಹೋದೆವು. ಕಾಲಿನ್ ಒಂದು ಕೋಲಿನ ತುದಿಯಿಂದ ಜಿಂಕೆಯ ಕಣ್ಣನ್ನು ಮುಟ್ಟಿದ. ರೆಪ್ಪೆ ಅಲುಗಲಿಲ್ಲ. ದಿನಾ ಬೆಳಿಗ್ಗೆ ನಾನು ಮಾಡುವುದೂ ಅದನ್ನೇ: ಔಷಧಿ ಕೊಟ್ಟು, ರೆಪ್ಪೆಯ ಕೂದಲನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಅಲುಗದಿದ್ದರೆ ಅಲ್ಲಿಂದ ನನ್ನ ಕೆಲಸ ಶುರು. ಇಲ್ಲಿ ಅದೇ ಗುರುತಿಗೆ ಎಲ್ಲ ಮುಗಿದಿತ್ತು. ಸ್ಫೂರ್ತಿ ಕೂತು, ಕೈಗವಸು ತೆಗೆದು, ಅದರ ಕತ್ತಿನ ಮೇಲೆ ಅಂಗೈ ಇಟ್ಟಳು.

"ಬೆಚ್ಚಗಿದೆ ಮಮ್ಮಿ."

"ಹೌದವ್ವಾ. ಇನ್ನೂ ಸ್ವಲ್ಪ ಹೊತ್ತು ಹಂಗ ಇರತದ."

"ಆಮೇಲೆ?"

"ಆಮ್ಯಾಲೆ ತಣ್ಣಗ ಆಗತದ."

ಅವಳು ತಣ್ಣಗಾಗುವವರೆಗೆ ಕೂರುತ್ತೇನೆ ಎಂದಳು. ಕಾಲಿನ್ ಚಾಕು ತೆಗೆಯುವ ಮೊದಲು ಅವಳನ್ನು ಎತ್ತಿಕೊಂಡು ಕಾಟೇಜಿನ ದಾರಿ ಹಿಡಿದೆ. ಅವಳ ಗದ್ದ ನನ್ನ ಹೆಗಲ ಮೇಲಿತ್ತು, ಮುಖ ಹಿಂದಕ್ಕೆ. ದಾರಿಯುದ್ದಕ್ಕೂ ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ಕಾಟೇಜಿನಲ್ಲಿ ನಮ್ಮವರು ಒಲೆಯ ಮುಂದೆ ತೇಜುವನ್ನು ಕೂರಿಸಿಕೊಂಡು, ಜಾನೆಟ್‌ಗೆ ಪುಳಿಯೋಗರೆ ಬಡಿಸಿ ಅದರ ಪೂರ್ವೋತ್ತರ ಹೇಳುತ್ತಿದ್ದರು. ನಮ್ಮ ಮುಖ ನೋಡಿ ಪಾತ್ರೆ ಕೆಳಗಿಟ್ಟರು. ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳ ಬೂಟು ಬಿಚ್ಚಿದರು.

ಆ ಸಂಜೆ ಊಟದ ಮೇಜಿನ ಮೇಲೆ ಒಂದು ಕಡೆ ನಮ್ಮ ರೊಟ್ಟಿ, ಚಟ್ನಿಪುಡಿ, ಮೊಸರು. ಇನ್ನೊಂದು ಕಡೆ ಜಾನೆಟ್ ಮಾಡಿದ ಮಾಂಸದ ಸ್ಟ್ಯೂ. ಸ್ಫೂರ್ತಿ ತನ್ನ ತಟ್ಟೆ ಎತ್ತಿ ಜಾನೆಟ್ ಕಡೆ ಚಾಚಿದಳು. "ನನಗೆ ಅದು ಬೇಕು."

ನನ್ನ ಕೈಯ ರೊಟ್ಟಿ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ನಮ್ಮವರು ನೀರು ಕುಡಿಯುತ್ತಿದ್ದವರು ನುಂಗುವುದನ್ನು ಮರೆತರು. ಜಾನೆಟ್ ಸೌಟು ಹಿಡಿದುಕೊಂಡು ನನ್ನನ್ನು ನೋಡಿದಳು.

"ಇದು ಆ ಜಿಂಕೆಯೇ?" ಎಂದು ಕೇಳಿದಳು ಸ್ಫೂರ್ತಿ.

"ಅಲ್ಲ ಲವ್. ಅದನ್ನು ಕೆಲವು ದಿನ ತಣ್ಣಗೆ ತೂಗುಹಾಕಬೇಕು, ಆಮೇಲೆ ತಿನ್ನೋದು. ಇದು ಹೋದ ಚಳಿಗಾಲದ್ದು. ಫ್ರೀಜರಿನಲ್ಲಿತ್ತು."

ಸ್ಫೂರ್ತಿ ತಟ್ಟೆ ಹಿಂದಕ್ಕೆ ಎಳೆದುಕೊಂಡಳು. "ಹಾಗಾದರೆ ಬೇಡ. ಇದು ಯಾರೋ ನನಗೆ ಗೊತ್ತಿಲ್ಲ. ನಾನು ಅದನ್ನು ತಿನ್ನುತ್ತೇನೆ. ತಟ್ಟಿದ್ದು ನಾನು."

ಕಾಲಿನ್ ಡಿಪೋದಲ್ಲಿ ಯಾರೋ ದೊಡ್ಡವರಿಗೆ ಮಾತು ಕೊಡುವ ಹಾಗೆ, "ನ್ಯಾಯವಾಗಿದೆ. ತಂದು ಕೊಡ್ತೀನಿ" ಎಂದ.

ಇದು ಇಲ್ಲಿಗೆ ಮುಗಿಯಿತು ಎಂದುಕೊಂಡು ನಾವು ಲೀಡ್ಸಿಗೆ ಮರಳಿದೆವು. ಇಂಗ್ಲಿಷರು "ಒಮ್ಮೆ ಊಟಕ್ಕೆ ಸೇರೋಣ" ಎಂದರೆ ಸೇರುವುದಿಲ್ಲ ಎಂದರ್ಥ. ನಾವು "ಬಂದೇ ಬರ್ತೀವಿ" ಎಂದರೂ ಅಷ್ಟೇ. ಆದರೆ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಕಾಲಿನ್ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಬಿಳಿ ಕಾಗದದ ಪೊಟ್ಟಣ. "ಸ್ಪಾರ್ಕಿಗೆ" ಎಂದು ಕೊಟ್ಟು, ಒಳಗೂ ಬರದೆ, ಕಾರು ಹತ್ತಿದ.

ಇಬ್ಬರೂ ಫ್ರಿಜ್ಜಿನ ಬಾಗಿಲು ತೆರೆದು ನಿಂತೆವು. ಮೊಸರನ್ನು ಮೇಲಿನ ಅರೆಗೆ ಏರಿಸಿದೆ. ಅವರು ಕೊತ್ತಂಬರಿ ತೆಗೆದರು. ನಾನು ದೋಸೆ ಹಿಟ್ಟು ತೆಗೆದೆ. ಕೊನೆಗೆ ಇಡೀ ಫ್ರಿಜ್ಜನ್ನು ಖಾಲಿ ಮಾಡಿ, ಆ ಒಂದು ಪೊಟ್ಟಣವನ್ನು ಅದರೊಳಗೆ ಒಂಟಿಯಾಗಿ ಕೂರಿಸಿ ಬಾಗಿಲು ಹಾಕಿದೆವು. ನಮ್ಮ ಸಾಮಾನೆಲ್ಲ ಹೊರಗೆ, ಅತಿಥಿ ಒಳಗೆ.

"ಅವಳಿಗೆ ಮರೆತಿರುತ್ತೆ ಬಿಡು" ಎಂದರು ನಮ್ಮವರು.

ಮೆಟ್ಟಿಲ ಮೇಲಿಂದ ದನಿ ಬಂತು: "ಐ ಹ್ಯಾವಂಟ್ ಫರ್ಗಾಟನ್."

ಅವರು ನನ್ನ ಕಡೆ ತಿರುಗಿದರು. ಮುಖ ಸಣ್ಣದಾಗಿತ್ತು. "ಬೇಡ ಅಂತ ನಾವು ಹೇಳಬಹುದು ಕಣೇ. ಏಳು ವರ್ಷದ ಮಗು ಅದು."

"ಹೇಳ್ರಿ ಹಂಗಾರ. ಆಕಿಗಿ ಏನಂತ ಹೇಳತೀರಿ?"

ಅವರು ಹಿಂಬಾಗಿಲಿನತ್ತ ನಡೆದರು. "ನನ್ನ ಕೈಲಿ ಆಗಲ್ಲ. ನಾನು ಹೊರಗೆ ಇರ್ತೀನಿ, ಬೇಜಾರು ಮಾಡ್ಕೋಬೇಡ" ಎಂದು ಶೆಡ್ಡಿಗೆ ಹೋಗಿ ಹುಲ್ಲು ಕತ್ತರಿಸುವ ಯಂತ್ರ ತೆಗೆದರು. ಡಿಸೆಂಬರಿನಲ್ಲಿ ಹುಲ್ಲು ಬೆಳೆಯುವುದಿಲ್ಲ. ಒದ್ದೆ ನೆಲದ ಮೇಲೆ ಆ ಯಂತ್ರವನ್ನು ಆಚೆ ಈಚೆ ಓಡಾಡಿಸುತ್ತಿದ್ದರು.

ನಾನು ಜಾನೆಟ್‌ಗೆ ಫೋನು ಮಾಡಿ ಕೇಳಿಕೊಂಡೆ. ಬಾಣಲೆ ಕಾಯಿಸು, ಬೆಣ್ಣೆ ಹಾಕು, ಈರುಳ್ಳಿ, ಉಪ್ಪು, ತೆಳ್ಳಗೆ ಹೆಚ್ಚು, ಬಹಳ ಬೇಯಿಸಬೇಡ. ಪೊಟ್ಟಣ ಬಿಚ್ಚಿದೆ. ತೆಳ್ಳಗೆ ಹೆಚ್ಚಿದೆ. ಮಾಂಸದ ಎಳೆಗಳು ನನ್ನ ಕಣ್ಣಿಗೆ ಹೊಸತಲ್ಲ. ಒಲೆಯ ಮೇಲೆ ಅದರ ವಾಸನೆ ಎದ್ದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದೆ. ಅದೇ ಹೊತ್ತಿಗೆ ಧಾರವಾಡದಿಂದ ಫೋನು. ನಮ್ಮವ್ವ.

"ಏನ ಅಡಗಿ ಇವತ್ತ?"

"ಬದನೀಕಾಯಿ ಪಲ್ಲೆ" ಎಂದೆ.

"ಗುರೆಳ್ಳ ಪುಡಿ ಹಾಕು, ರುಚಿ ಆಗತದ."

ಗುರೆಳ್ಳು ಪುಡಿ ಹಾಕಿದೆ. ಕೈ ತಾನಾಗಿ ಡಬ್ಬಿಗೆ ಹೋಯಿತು.

ಸ್ಫೂರ್ತಿ ಬಂದು ಮೇಜಿನ ಮುಂದೆ ಕೂತಳು. ತಲೆ ಬಾಚಿಕೊಂಡಿದ್ದಳು. ತೇಜು ಇಣುಕಿ ನೋಡಿ, "ನಾನು ತಟ್ಟಿಲ್ಲ" ಎಂದು ಸ್ಪಷ್ಟಪಡಿಸಿ, ತುಪ್ಪ ಸಕ್ಕರೆ ಹಚ್ಚಿದ ರೊಟ್ಟಿ ಹಿಡಿದುಕೊಂಡು ಟೀವಿಯ ಮುಂದೆ ಹೋದ. ಅವಳು ಒಂದು ತುಂಡು ಬಾಯಿಗಿಟ್ಟಳು. ಬಹಳ ಹೊತ್ತು ಜಗಿದಳು. ನುಂಗಿದಳು. ಇನ್ನೊಂದು ತೆಗೆದುಕೊಂಡಳು. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ. ನಾನು ಎದುರಿಗೆ ಕೂತೆ.

"ಸಾಕು ಬಿಡವ್ವಾ. ತಿಂದಿಯಲ್ಲ."

"ಮಮ್ಮಿ" ಎಂದಳು, "ಮೊದಲು ನೋಡಿದ್ದು ನೀನು."

"ನಿನಗ ಹೆಂಗ ಗೊತ್ತು?"

"ನಾನು ಕಣ್ಣು ಮುಚ್ಚಿದ್ದೆ. ನಿನ್ನ ಎದೆ ಡಬ್ ಡಬ್ ಅಂತ ಜೋರಾಗಿ ಬಡಿಯೋಕೆ ಶುರು ಆಯ್ತು. ಅದಕ್ಕೇ ನಾನು ಎದ್ದು ನೋಡಿದೆ."

ದಿನವಿಡೀ ಇನ್ನೊಬ್ಬರ ಎದೆಬಡಿತಕ್ಕೆ ಕಿವಿಗೊಟ್ಟು ಕೂರುವವಳು ನಾನು. ಥಿಯೇಟರಿನ ಮಾನಿಟರಿನ ಸದ್ದು ಒಂದು ಕೂದಲೆಳೆ ಬದಲಾದರೂ ಬೆನ್ನು ತಿರುಗಿಸಿ ನಿಂತಲ್ಲೇ ಗೊತ್ತಾಗುತ್ತದೆ. ಅಟ್ಟಣಿಗೆಯ ಮೇಲೆ ನನ್ನ ಕೌದಿಯೊಳಗೆ ಒಬ್ಬಳು ನನ್ನ ಎದೆಗೆ ಕಿವಿ ಹಚ್ಚಿಕೊಂಡು ಕೂತಿದ್ದಳು ಎಂಬುದು ಮಾತ್ರ ನನಗೆ ಹೊಳೆದೇ ಇರಲಿಲ್ಲ.

ಹೊರಗೆ ಹುಲ್ಲಿನ ಯಂತ್ರ ಗುರ್ರೆನ್ನುತ್ತಲೇ ಇತ್ತು. ಅವಳು ಒತ್ತಾಯ ಮಾಡಲಿಲ್ಲ. ಕಾಯುತ್ತ ಇದ್ದಳು, ಅಷ್ಟೆ. ನಾನು ಎದ್ದು ಇನ್ನೊಂದು ತಟ್ಟೆ ತಂದೆ. ಒಂದು ಸಣ್ಣ ತುಂಡು ಹಾಕಿಕೊಂಡೆ. ತಿಂದೆ. ರುಚಿ ಹೇಗಿತ್ತು ಎಂದು ನೀವು ಕೇಳಿದರೆ ನಾನು ಹೇಳಬಲ್ಲದ್ದು ಇಷ್ಟೇ: ಉಪ್ಪು ಹೆಚ್ಚಾಗಿತ್ತು, ಗುರೆಳ್ಳು ಪುಡಿ ಗಂಟಲಲ್ಲಿ ನಿಂತಿತು. ಅವಳು ನೀರಿನ ಲೋಟ ನನ್ನ ಕಡೆ ಸರಿಸಿದಳು.

ಆಮೇಲೆ ನಾನು ಎಂದೂ ತಿನ್ನಲಿಲ್ಲ. ಅವಳೂ ನಮ್ಮ ಮನೆಯಲ್ಲಿ ಇದ್ದಷ್ಟು ವರ್ಷ ಕೇಳಲಿಲ್ಲ. ಈಗ ನನಗಿಂತ ಎತ್ತರ ಬೆಳೆದು ಬೇರೆ ಊರಿನಲ್ಲಿದ್ದಾಳೆ; ಏನು ತಿನ್ನುತ್ತಾಳೋ ನಾನು ವಿಚಾರಿಸಲು ಹೋಗುವುದಿಲ್ಲ. ಅಂದು ಮಾತ್ರ ಕುರ್ಚಿ ಇಳಿದು ಬಂದು, ನನ್ನ ತೊಡೆ ಹತ್ತಿ, ಏಳು ವರ್ಷದ ಉದ್ದ ಕಾಲುಗಳನ್ನು ಮಡಚಿಕೊಂಡು, ಅಡುಗೆಮನೆಯ ಆ ಮಬ್ಬು ಬೆಳಕಿನಲ್ಲಿ ಹಾಗೇ ನಿದ್ದೆ ಹೋದಳು. ಕಿಟಕಿಯ ಗಾಜಿಗೆ ಹಬೆ ಹಿಡಿದಿತ್ತು. ಯಂತ್ರ ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

ನಮ್ಮವರು ಹಿಂಬಾಗಿಲಿನಿಂದ ಒಳಗೆ ಬಂದರು. ಪ್ಯಾಂಟಿನ ತುಂಬ ಕೆಸರು. ಮೇಜಿನ ಮೇಲಿದ್ದ ಎರಡು ತಟ್ಟೆ ನೋಡಿದರು, ನನ್ನನ್ನು ನೋಡಿದರು. ಮಗಳು ಮಲಗಿದ್ದಾಳೆಂದು ಬೂಟು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ನಡೆದು ಸಿಂಕಿನ ಹತ್ತಿರ ಹೋದರು. ತೋಳು ಮಡಚಿ, ಒಲೆಯ ಮೇಲಿದ್ದ ಬಾಣಲೆ ಇಳಿಸಿಕೊಂಡು, ನಲ್ಲಿಯನ್ನು ಸಣ್ಣಗೆ ಬಿಟ್ಟು, ಕೈಗವಸು ಹಾಕಿಕೊಳ್ಳದೆ ಬರಿಗೈಯಲ್ಲಿ ತಿಕ್ಕತೊಡಗಿದರು. ತಟ್ಟೆಗಳನ್ನೂ ತೊಳೆದರು. ಬಟ್ಟೆಯಿಂದ ಒರೆಸಿ, ಬಾಣಲೆಯನ್ನು ಎಲ್ಲಿ ಇಡಬೇಕೆಂದು ತೋಚದೆ ಒಂದು ಗಳಿಗೆ ಅದನ್ನು ಹಿಡಿದುಕೊಂಡೇ ನಿಂತರು. ಆಮೇಲೆ ಹಾಲು ಕಾಯಿಸುವ ಪಾತ್ರೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅದರ ಮಗ್ಗುಲಿಗೇ ಬೋರಲು ಹಾಕಿದರು.